ಗೇಟಿನಲ್ಲಿ ಕಾಯುವುದೂ ಡ್ಯೂಟಿಯೇ: ನಮ್ಮ ಲಾರಿಗಳಿಗೆ ಗಂಟೆ ಲೆಕ್ಕ ತಂದ ಬಗೆ

ಡ್ರೈವರಿಗೆ ದಿನಕ್ಕೆ 8 ಗಂಟೆ ಡ್ಯೂಟಿ ಅಂದರೆ ನಮ್ಮ ಲಾರಿ ಲೈನಿನಲ್ಲಿ ಯಾರೂ ಜಗಳ ಆಡುವುದಿಲ್ಲ. ನಕ್ಕು ಸುಮ್ಮನಾಗುತ್ತಾರೆ. ಅದೆಲ್ಲ ಆಫೀಸಿನವರಿಗೆ, ಘಾಟಿ ಇಳಿಸುವವರಿಗಲ್ಲ ಅಂತ ಅವರ ಲೆಕ್ಕ. ನಾನು ಹಾಸನದಲ್ಲಿ ನಾಲ್ಕಾರು ಲಾರಿ ಇಟ್ಟುಕೊಂಡು ಶಿರಾಡಿ ಘಾಟಿ ಇಳಿದು ಮಂಗಳೂರು ಕಡೆಗೆ ಓಡಿಸುವವನು. ಹೋಗುವಾಗ ಕಾಫಿ ಮೂಟೆ, ಮುಸುಕಿನ ಜೋಳ, ಸೀಸನ್ನಿನಲ್ಲಿ ಆಲೂಗಡ್ಡೆ. ಬರುವಾಗ ಗೊಬ್ಬರ, ಅಡುಗೆ ಎಣ್ಣೆ, ಏನು ಸಿಕ್ಕರೆ ಅದು. ಗಂಟೆ ಲೆಕ್ಕ ನಮ್ಮಲ್ಲಿ ಪೂರ್ತಿ ಕೂತಿದೆ ಅಂತ ಹೇಳುವುದಿಲ್ಲ. ಬಹುಪಾಲು ಕೂತಿದೆ. ಹೇಗೆ ಅಂತ ಬರೆಯುತ್ತಿದ್ದೇನೆ, ಬೇರೆ ಸಣ್ಣ ಮಾಲೀಕರಿಗೆ ಉಪಯೋಗಕ್ಕೆ ಬರಬಹುದು.

ಮೊದಲು ಕಾನೂನು. 1961ರಲ್ಲೇ ಮೋಟಾರು ಸಾರಿಗೆ ಕೆಲಸಗಾರರ ಕಾಯ್ದೆ ಅಂತ ಬಂತು. ದಿನಕ್ಕೆ 8 ಗಂಟೆ, ವಾರಕ್ಕೆ 48. ದೂರದ ರೂಟು, ಹಬ್ಬ ಹರಿದಿನ ಅಂತಿದ್ದರೆ ಅನುಮತಿ ತೆಗೆದುಕೊಂಡು 10 ಗಂಟೆ, ವಾರಕ್ಕೆ 54. ಒಂದೇ ಸಮ 5 ಗಂಟೆಗಿಂತ ಜಾಸ್ತಿ ಕೆಲಸ ಮಾಡಿಸುವ ಹಾಗಿಲ್ಲ, ನಡುವೆ ಅರ್ಧ ಗಂಟೆಯಾದರೂ ಬಿಡುವು ಕೊಡಬೇಕು. ಬಿಡುವೂ ಸೇರಿ ದಿನದ ಡ್ಯೂಟಿ 12 ಗಂಟೆ ದಾಟಬಾರದು. ಇವತ್ತಿನ ಡ್ಯೂಟಿ ಮುಗಿದು ನಾಳೆಯದು ಶುರುವಾಗುವುದರೊಳಗೆ ಒಂದೇ ಸಮ 9 ಗಂಟೆ ವಿಶ್ರಾಂತಿ ಸಿಗಬೇಕು. ವಾರಕ್ಕೊಂದು ರಜೆ. ಜಾಸ್ತಿ ದುಡಿಸಿದರೆ ಎರಡು ಪಟ್ಟು ಕೂಲಿ. 1988ರ ಮೋಟಾರು ವಾಹನ ಕಾಯ್ದೆಯ 91ನೇ ಸೆಕ್ಷನ್ ಕೂಡ ಡ್ರೈವರ್ ಗಂಟೆಗೆ ಇದೇ ಕಾಯ್ದೆಯತ್ತ ಬೆರಳು ತೋರಿಸುತ್ತದೆ.

ಈಗ 1961ರ ಕಾಯ್ದೆಯ ಜಾಗಕ್ಕೆ ಕೆಲಸಗಾರರ ಸುರಕ್ಷತೆ, ಆರೋಗ್ಯ, ಕೆಲಸದ ಸ್ಥಿತಿಗತಿ ಕುರಿತ 2020ರ ಕಾರ್ಮಿಕ ಕೋಡ್ ಬಂದಿದೆ, 2025ರ ನವೆಂಬರ್ 21ರಿಂದ ಜಾರಿ. ಅದರಲ್ಲೂ ದಿನಕ್ಕೆ 8 ಗಂಟೆಯೇ. ಆದರೆ ಹಳೆಯ ಕಾಯ್ದೆ 5 ಜನ ಕೆಲಸಗಾರರಿದ್ದರೆ ಸಾಕು, ಲಾಗು ಆಗುತ್ತಿತ್ತು. ಹೊಸದು ಕೇಳುವುದು 10 ಜನ. ಲೆಕ್ಕದಿಂದ ಹೊರಗೆ ಬಿದ್ದೆವು ಅಂತ ಖುಷಿಪಟ್ಟ ಮಾಲೀಕರನ್ನು ನಾನೇ ನೋಡಿದ್ದೇನೆ. ಒಂಬತ್ತು ಜನರಲ್ಲಿ ಒಬ್ಬನಾದ ಡ್ರೈವರಿಗೆ ನಿದ್ದೆ ಕಡಿಮೆ ಸಾಕಾ?

ಇಷ್ಟೆಲ್ಲ ಓದಿದಾಗ ನನ್ನ ಕಣ್ಣಿಗೆ ಬಿದ್ದದ್ದು ಈ ಅಂಕಿಗಳಲ್ಲ. ಯಾವುದನ್ನು ಕೆಲಸ ಅಂತ ಎಣಿಸಬೇಕು ಅಂತ ಹಳೆಯ ಕಾಯ್ದೆಯಲ್ಲಿ ಬಿಡಿಸಿ ಹೇಳಿದ್ದಾರೆ. ಗಾಡಿ ಓಡಿಸುವುದೊಂದೇ ಅಲ್ಲ. ಶೆಡ್ಡಿನಿಂದ ಗಾಡಿ ತೆಗೆಯುವುದು, ರಿಜಿಸ್ಟರಿಗೆ ಸಹಿ ಹಾಕುವುದು, ರಿಪೇರಿ, ಲೋಡು, ಅನ್‌ಲೋಡು, ಎಲ್ಲ ಸೇರಿ ಡ್ಯೂಟಿ. ನಮ್ಮ ಲೈನಿನಲ್ಲಿ ಡ್ಯೂಟಿ ಅಂದರೆ ಸ್ಟೇರಿಂಗ್ ಹಿಡಿದ ಹೊತ್ತು ಮಾತ್ರ. ಗೋಡೌನ್ ಮುಂದೆ ಅರ್ಧ ದಿನ ನಿಂತಿದ್ದರೆ, 'ಅವನೇನು ಮಾಡ್ತಿದ್ದ, ಆರಾಮಾಗಿ ಕೂತಿದ್ದನಲ್ಲ' ಅನ್ನುತ್ತಾರೆ.

ಆರಾಮ ಎಷ್ಟಿದೆ ನೋಡೋಣ ಅಂತ ಪ್ರತಿ ಲಾರಿಗೂ ಒಂದು ನೂರು ಪುಟದ ನೋಟ್‌ಬುಕ್ ಕೊಟ್ಟೆ. ಬಂದದ್ದು, ಲೋಡು ಶುರು, ಲೋಡು ಮುಗಿದದ್ದು, ಬಿಟ್ಟದ್ದು, ನಿಲ್ಲಿಸಿದ್ದು, ಮಲಗಿದ್ದು. ಇಷ್ಟೇ ಬರೆಯಿರಿ, ಗಂಟೆ ಸಾಕು, ಕಾರಣ ಬೇಡ ಅಂದೆ. ಕಾರಣ ಕೇಳಿದರೆ ಜನ ಸುಳ್ಳು ಬರೆಯುತ್ತಾರೆ. ಒಬ್ಬ ಹುಡುಗನ ಪುಟದಲ್ಲಿ ಹೀಗಿತ್ತು: ಬೆಳಿಗ್ಗೆ 9.10 ಗೋಡೌನ್. 2.30 ಲೋಡು ಶುರು. 5.45 ಟರ್ಪಾಲು ಕಟ್ಟಿದ್ದು. 6.20 ಬಿಟ್ಟದ್ದು. 7.40 ಸಕಲೇಶಪುರ, ಟೀ. 9.50 ಗುಂಡ್ಯ, ಜಾಮು ಇತ್ತು. 10.20 ನೆಲ್ಯಾಡಿ, ಊಟ. 1.15 ಪಣಂಬೂರು (ಮಂಗಳೂರು ಬಂದರಿನ ಕಡೆ), ಕ್ಯೂ. ಮಲಗಿದ್ದು ಅನ್ನುವ ಕಡೆ ಸುಮ್ನೆ ಒಂದು ಗೆರೆ ಎಳೆದಿದ್ದ.

ಸ್ಟೇರಿಂಗ್ ಹಿಡಿದದ್ದು ಹೆಚ್ಚು ಕಡಿಮೆ ಆರು ಗಂಟೆ. ಬೆಳಿಗ್ಗೆ ಬಂದಾಗಿನಿಂದ ಎಣಿಸಿದರೆ ಹದಿನಾರು ಗಂಟೆ. ಅಂದರೆ ಘಾಟಿ ಇಳಿಯುವ ಹೊತ್ತಿಗೆ ಅವನು ಆಗಲೇ ಒಂದು ಪೂರ್ತಿ ದಿನ ದುಡಿದು ಮುಗಿಸಿದ್ದ. ಮಳೆ, ಮಂಜು, ಎದುರಿನ ಬಸ್ಸಿನ ಲೈಟು, ಇದೆಲ್ಲ ಆಮೇಲೆ. ಜಿಪಿಎಸ್‌ನಲ್ಲಿ ನೋಡಿದರೆ ಇದೇ ಲಾರಿ ಬೆಳಿಗ್ಗೆಯಿಂದ ಸಂಜೆವರೆಗೆ ನಿಂತೇ ಇತ್ತು, ಸಂಜೆ ಹೊರಟಿತು, ಅಷ್ಟೇ. ಲಾರಿ ನಿಂತಿತ್ತು ಅಂತ ಜಿಪಿಎಸ್ ಹೇಳುತ್ತದೆ. ಡ್ರೈವರ್ ಮಲಗಿದ್ದನೋ ಇಲ್ಲವೋ ಅಂತ ಅದಕ್ಕೆ ಗೊತ್ತಾಗುವುದಿಲ್ಲ. ಯುರೋಪಿನಲ್ಲಿ ದೊಡ್ಡ ಲಾರಿಗಳಲ್ಲಿ ಟ್ಯಾಕೋಗ್ರಾಫ್ ಅಂತ ಇರುತ್ತದೆ. ಓಡಿಸಿದ್ದು, ಬೇರೆ ಕೆಲಸ ಮಾಡಿದ್ದು, ವಿಶ್ರಾಂತಿ ಎಲ್ಲ ಬೇರೆ ಬೇರೆಯಾಗಿ ದಾಖಲಾಗುತ್ತದೆ. ನಾಲ್ಕೂವರೆ ಗಂಟೆ ಓಡಿಸಿದರೆ 45 ನಿಮಿಷ ನಿಲ್ಲಿಸಲೇಬೇಕು. ನಮ್ಮಲ್ಲೂ ಟ್ರಕ್ ಡ್ರೈವರಿಗೆ ಓಡಿಸುವ ಗಂಟೆ ಗೊತ್ತು ಮಾಡಬೇಕು ಅಂತ 2021ರಲ್ಲಿ ಕೇಂದ್ರ ಸಚಿವ ನಿತಿನ್ ಗಡ್ಕರಿ ಹೇಳಿದ್ದರು. ಅದು ಬರುವವರೆಗೆ ನನಗೆ ನೋಟ್‌ಬುಕ್ಕೇ ಗತಿ.

ಹೀಗೆ ನೋಡಿದ ಮೇಲೆ ಒಂದು ವಿಷಯ ಸ್ಪಷ್ಟವಾಯಿತು. ಗಂಟೆ ಉಳಿಸಬೇಕಾದದ್ದು ರಸ್ತೆಯಲ್ಲಲ್ಲ, ಗೇಟಿನಲ್ಲಿ. ನಿಧಾನಕ್ಕೆ ಓಡಿಸು, ನಿದ್ದೆ ಬಂದರೆ ನಿಲ್ಲಿಸು ಅಂತ ಡ್ರೈವರಿಗೆ ಬುದ್ಧಿ ಹೇಳುವುದು ಸುಲಭ. ಅವನ ಹತ್ತು ಗಂಟೆಯನ್ನು ತಿಂದದ್ದು ನಾನು ಮತ್ತು ನನ್ನ ಪಾರ್ಟಿ, ಅಂದರೆ ಲೋಡು ಕೊಡುವ ಗಿರಾಕಿ.

ಅದಕ್ಕೆ ನಾನು ಹುಡುಕಿದ ದಾರಿ ಲೋಡಿಂಗ್ ಡ್ರೈವರ್. ಲೈನಿನಲ್ಲಿ ವರ್ಷಗಟ್ಟಲೆ ಓಡಿಸಿ, ಮಂಡಿ ನೋವು ಅಂತ ಬಿಟ್ಟು ಮನೆಯಲ್ಲಿದ್ದ ಹಿರಿಯರೊಬ್ಬರಿದ್ದರು. ಹೆವಿ ಲೈಸೆನ್ಸ್ ಚಾಲ್ತಿಯಲ್ಲಿತ್ತು. ಅವರನ್ನು ತಿಂಗಳ ಸಂಬಳಕ್ಕೆ ಕರೆದೆ. ಊರೊಳಗೆ ಗೋಡೌನಿಗೆ ಗಾಡಿ ಒಯ್ಯುವುದು, ಲೋಡು ಮಾಡಿಸುವುದು, ಮೂಟೆ ಎಣಿಸುವುದು, ತೂಕದ ಚೀಟಿ, ಇ-ವೇ ಬಿಲ್ (ಸರಕಿನ ಜೊತೆ ಇರಬೇಕಾದ ಜಿಎಸ್‌ಟಿ ಚೀಟಿ), ಟರ್ಪಾಲು, ಹಗ್ಗ ಎಲ್ಲ ಅವರ ಪಾಲು. ಲೈನ್ ಡ್ರೈವರ್ ಮನೆಯಲ್ಲಿ ಊಟ ಮಾಡಿ, ಮಲಗೆದ್ದು, ಗಾಡಿ ಹೊರಡುವ ಹೊತ್ತಿಗೆ ಬರುತ್ತಾನೆ. ಬಂದ ತಕ್ಷಣ ಹಗ್ಗ ಎಳೆದು ನೋಡಿ, ಟೈರಿಗೆ ಒಂದು ಏಟು ಹಾಕಿ ಹತ್ತುತ್ತಾನೆ. ಮೊದಮೊದಲು ಇದಕ್ಕೆ ಡ್ರೈವರುಗಳೇ ಒಪ್ಪಲಿಲ್ಲ. 'ಬೇರೆಯವರು ಕಟ್ಟಿದ ಲೋಡನ್ನು ನಾನು ಘಾಟಿ ಇಳಿಸಲ್ಲ' ಅಂದರು. ನ್ಯಾಯವಾದ ಮಾತೇ. ಶಿರಾಡಿಯ ತಿರುವಿನಲ್ಲಿ ಲೋಡು ಒಂದು ಕಡೆ ವಾಲಿದರೆ ಸಾಯುವವನು ಅವನು, ಕಟ್ಟಿದವನಲ್ಲ. ಹಿಂದಿನ ಮೂಲೆಯ ಎರಡು ಕಟ್ಟು ಬಿಚ್ಚಿ ತಾನೇ ಕಟ್ಟಿಕೊಳ್ಳಲಿ ಅಂತ ಬಿಟ್ಟ ಮೇಲೆ ತಕರಾರು ನಿಂತಿತು. ಹತ್ತಿಪ್ಪತ್ತು ನಿಮಿಷ ಹೋಗುತ್ತದೆ, ಹೋಗಲಿ.

ಎರಡನೆಯದು ದುಡ್ಡು. ಇಷ್ಟು ಟ್ರಿಪ್ಪಿಗೆ ಇಷ್ಟು ಅಂತ ಬಾಟಾ (ಭತ್ಯೆ) ಕೊಡುವವರೆಗೆ ಯಾವ ಗಂಟೆ ಲೆಕ್ಕವೂ ನಿಲ್ಲುವುದಿಲ್ಲ, ಇದನ್ನು ಖಂಡಿತವಾಗಿ ಹೇಳುತ್ತೇನೆ. ಟ್ರಿಪ್ಪಿನ ಲೆಕ್ಕದಲ್ಲಿ ದುಡಿಯುವವನಿಗೆ ನಿದ್ದೆ ಅಂದರೆ ನಷ್ಟ. ನಾನು ತಿಂಗಳ ಸಂಬಳ, ಹೊರಗಿದ್ದ ದಿನಕ್ಕೆ ಬಾಟಾ, ರಾತ್ರಿ ತಂಗಿದರೆ ಬೇರೆ ಬಾಟಾ ಅಂತ ಮಾಡಿದೆ. ಗಂಟೆ ಮೀರಿದರೆ ಎರಡು ಪಟ್ಟು. ಬೇಗ ಬಂದರೆ ಇನಾಮು ಅನ್ನುವ ಪದ್ಧತಿ ತೆಗೆದುಹಾಕಿದೆ. ಚೆನ್ನಾಗಿ ಓಡಿಸುವ ಒಬ್ಬ ಹುಡುಗ ಇದರಿಂದಲೇ ಬಿಟ್ಟು ಹೋದ. ಅವನಿಗೆ ಬೇರೆ ಕಡೆ ತಿಂಗಳಿಗೆ ಜಾಸ್ತಿ ಸಿಗುತ್ತಿತ್ತು. ತಡೆಯಲಿಲ್ಲ.

ಪಾರ್ಟಿಗಳ ಜೊತೆ ಮಾತಾಡಿದ್ದು ಬೇರೆಯೇ ಕಥೆ. ಇಂಥ ಹೊತ್ತಿಗೆ ಗಾಡಿ ಬರುತ್ತದೆ, ಇಷ್ಟು ಗಂಟೆಯೊಳಗೆ ಲೋಡು ಆಗಬೇಕು, ಮೀರಿದರೆ ಹಾಲ್ಟಿಂಗ್ ಚಾರ್ಜು ಅಂತ ಬಿಲ್ಲಿನಲ್ಲೇ ಹಾಕಿದೆ. ಕೆಲವರು ಒಪ್ಪಿದರು, ಕೆಲವರು ಒಪ್ಪಿದ ಹಾಗೆ ಮಾಡಿದರು, ಒಬ್ಬರು ಬೇರೆ ಲಾರಿ ನೋಡಿಕೊಂಡರು. ಹಾಲ್ಟಿಂಗ್ ದುಡ್ಡಿನಲ್ಲಿ ಡ್ರೈವರಿಗೂ ಪಾಲು ಕೊಡು ಅಂತ ಸ್ನೇಹಿತರು ಹೇಳಿದರು. ಕೊಡಲಿಲ್ಲ. ಕಾಯುವುದರಲ್ಲಿ ಲಾಭ ಕಂಡರೆ ಕಾಯುವುದು ನಿಲ್ಲುವುದಿಲ್ಲ, ಅಲ್ವಾ?

ಪಾರ್ಟಿಗಳು ಹೆದರಿಸುವ ಇನ್ನೊಂದು ಮಾತು ಇ-ವೇ ಬಿಲ್ಲಿನದು. 'ಬಿಲ್ ಮುಗಿದುಹೋಗುತ್ತೆ, ಇವತ್ತು ರಾತ್ರಿನೇ ಮುಟ್ಟಿಸಿ' ಅನ್ನುತ್ತಾರೆ. ಬಿಲ್ಲಿನ ಅವಧಿ ಮಾಮೂಲಿ ಲೋಡಿಗೆ 200 ಕಿ.ಮೀ.ಗೆ ಒಂದು ದಿನ. ಹಾಸನದಿಂದ ಮಂಗಳೂರು ಸುಮಾರು 170 ಕಿ.ಮೀ., ಒಂದು ದಿನದ ಬಿಲ್. ಆ ಒಂದು ದಿನ ಮುಗಿಯುವುದು ಬಿಲ್ ಮಾಡಿದ ಮಾರನೆಯ ದಿನದ ನಡುರಾತ್ರಿಗೆ. ಅದೂ ಸಾಲದಿದ್ದರೆ ಮುಗಿಯುವ 8 ಗಂಟೆ ಮುಂಚೆ ಅಥವಾ ಮುಗಿದ 8 ಗಂಟೆಯೊಳಗೆ, ಕಾರಣ ಕೊಟ್ಟು ವಿಸ್ತರಿಸಿಕೊಳ್ಳಬಹುದು. ನಿದ್ದೆಗೆಟ್ಟು ಓಡಿಸುವಂಥ ಅವಸರ ಬಿಲ್ಲಿನಲ್ಲಿ ಎಲ್ಲಿದೆ? ಇದನ್ನು ಡ್ರೈವರುಗಳಿಗೂ ತಿಳಿಸಿ ಹೇಳಿದ್ದೇನೆ. ಈಗ ಅವರೇ ಪಾರ್ಟಿಗೆ ಉತ್ತರ ಕೊಡುತ್ತಾರೆ.

ರಾತ್ರಿಯ ವಿಷಯದಲ್ಲಿ ನನ್ನದು ಕಾಯ್ದೆಗಿಂತ ಬಿಗಿ. ಹನ್ನೆರಡರಿಂದ ಐದರವರೆಗೆ ನಮ್ಮ ಗಾಡಿ ಘಾಟಿಯಲ್ಲಿ ಇರಬಾರದು. ಹೋಗುವಾಗ ತಡವಾದರೆ ಸಕಲೇಶಪುರದಲ್ಲೇ ನಿಲ್ಲಬೇಕು, ಬರುವಾಗಲಾದರೆ ನೆಲ್ಯಾಡಿಯಲ್ಲಿ. ದೋಣಿಗಲ್ ದಾಟಿ ಘಾಟಿಗೆ ಇಳಿದ ಮೇಲೆ ನಿದ್ದೆ ಬಂತು ಅಂತ ಲಾರಿ ಬದಿಗೆ ಹಾಕಲು ಜಾಗ ಎಲ್ಲಿದೆ ಹೇಳಿ? ಐದು ಗಂಟೆಗೆ ಅರ್ಧ ಗಂಟೆ ಬಿಡುವು ಅನ್ನುವುದನ್ನು ನಾವು ಘಾಟಿಯ ಮೇಲೊಂದು, ಕೆಳಗೊಂದು ಅಂತ ಮಾಡಿಕೊಂಡಿದ್ದೇವೆ. ಆ ಅರ್ಧ ಗಂಟೆಯಲ್ಲಿ ಟೈರ್ ಬದಲಿಸುವುದು, ಫೋನಿನಲ್ಲಿ ಪಾರ್ಟಿ ಜೊತೆ ಜಗಳ ಆಡುವುದು ನಡೆಯುವುದಿಲ್ಲ. ಕೆಳಗಿಳಿದು ಮುಖ ತೊಳೆದು ಕೂರಬೇಕು.

ಮಳೆಗಾಲ ಬಂತು ಅಂದರೆ ಲೆಕ್ಕ ಅರ್ಧ ಕೆಡುತ್ತದೆ. 2024ರ ಜುಲೈನಲ್ಲಿ ಶಿರಾಡಿ ಘಾಟಿಯ ದೊಡ್ಡತಪ್ಪಲಿನ ಹತ್ತಿರ ಗುಡ್ಡ ಕುಸಿದಾಗ ಲಾರಿಗಳು ಸಾಲುಗಟ್ಟಿ ನಿಂತದ್ದು ಎಲ್ಲರಿಗೂ ನೆನಪಿರುತ್ತದೆ. ಇನ್ನೊಂದು ದಾರಿಯಾದ ಚಾರ್ಮಾಡಿ ಘಾಟಿಯಲ್ಲಿ ಭಾರಿ ಗಾಡಿ ಬಿಡುವುದಿಲ್ಲ, ಸುತ್ತಿ ಹೋಗೋಣ ಅಂದರೆ ಬಾಡಿಗೆ ಡೀಸೆಲ್ಲಿಗೇ ಸಾಲದು. ಗಾಡಿ ಕೆಟ್ಟರೆ, ದಾರಿ ಬಂದ್ ಆದರೆ ಗಂಟೆ ಮೀರಬಹುದು ಅಂತ 1961ರ ಕಾಯ್ದೆಯಲ್ಲೇ ವಿನಾಯಿತಿ ಇತ್ತು. ನಾನು ಅದನ್ನು ಬಳಸುವುದು ಕಡಿಮೆ. ಘಾಟಿ ಬಂದ್ ಅಂತ ಸುದ್ದಿ ಬಂದರೆ ಸಕಲೇಶಪುರಕ್ಕೂ ಮುಂಚಿನ ಬಾಳ್ಳುಪೇಟೆಯಿಂದಲೇ ಗಾಡಿ ತಿರುಗಿಸಿ ಅನ್ನುತ್ತೇನೆ. ಕ್ಯೂನಲ್ಲಿ ಸಿಕ್ಕಿಹಾಕಿಕೊಂಡವನು ಮಲಗುವ ಹಾಗಿಲ್ಲ, ಮುಂದಿನ ಗಾಡಿ ಹತ್ತಡಿ ಸರಿದರೆ ಇವನೂ ಸರಿಯಬೇಕು. ಅದರಷ್ಟು ಸುಸ್ತು ಓಡಿಸುವುದರಲ್ಲೂ ಇಲ್ಲ.

ಇನ್ನು ಒಂಬತ್ತು ಗಂಟೆ ವಿಶ್ರಾಂತಿ. ಪುಸ್ತಕದಲ್ಲಿ ಬರೆಯಲು ಸುಲಭ, ಮಲಗಿಸುವುದು ಕಷ್ಟ. ಮಂಗಳೂರಿನಲ್ಲಿ ಅನ್‌ಲೋಡು ಮುಗಿದ ಮೇಲೆ ಯಾರ್ಡಿನ ಸೆಕೆಯಲ್ಲಿ, ಸೊಳ್ಳೆಯಲ್ಲಿ, ಕಾದ ಕ್ಯಾಬಿನ್ನಿನಲ್ಲಿ ಒಂಬತ್ತು ಗಂಟೆ ಮಲಗು ಅಂದರೆ ಯಾವನು ಮಲಗುತ್ತಾನೆ? 'ಅಣ್ಣ, ಇಲ್ಲಿ ಹೊರಳಾಡೋ ಬದಲು ಮನೆಗೆ ಬಂದು ಮಲಗ್ತೀನಿ' ಅನ್ನುತ್ತಾರೆ. 2025ರ ಅಕ್ಟೋಬರ್‌ನಿಂದ ತಯಾರಾಗುವ ಟ್ರಕ್‌ಗಳಿಗೆ ಎಸಿ ಕ್ಯಾಬಿನ್ ಕಡ್ಡಾಯ ಆಗಿದೆ. ಒಳ್ಳೆಯದೇ, ಆದರೆ ನಮ್ಮವು ಹಳೆಯ ಗಾಡಿಗಳು. ಅದಕ್ಕೆ ಹೊರಡುವ ಹೊತ್ತನ್ನೇ ಬದಲಿಸಿದೆ. ಹಿಂದಿನ ಸಂಜೆ ಲೋಡು ಮಾಡಿಸಿ ಇಟ್ಟು, ಗಾಡಿ ಬೆಳಗಿನ ಜಾವ ನಾಲ್ಕಕ್ಕೆ ಹಾಸನ ಬಿಡುತ್ತದೆ. ಘಾಟಿಗೆ ಬರುವ ಹೊತ್ತಿಗೆ ಐದು ದಾಟಿರುತ್ತದೆ. ಮಧ್ಯಾಹ್ನದೊಳಗೆ ಅನ್‌ಲೋಡು ಆದರೆ ಆವತ್ತೇ ವಾಪಸ್. ಆಗದಿದ್ದರೆ ಬಲವಂತದ ತಂಗು, ರೂಮಿನ ಖರ್ಚು ನನ್ನದು. ಆವತ್ತೇ ವಾಪಸ್ ಬಂದರೆ 8 ಗಂಟೆ ದಾಟುತ್ತದೆ, ಅದರ ದುಡ್ಡು ಎರಡು ಪಟ್ಟು ಲೆಕ್ಕದಲ್ಲಿ ಹೋಗುತ್ತದೆ. ಮಾರನೆಯ ದಿನ ಆ ಡ್ರೈವರ್ ಲೈನಿಗೆ ಹೋಗುವುದಿಲ್ಲ.

ಮನೆಗೆ ಹೋದವನು ಮಲಗುತ್ತಾನಾ ಅನ್ನುವುದು ಮುಂದಿನ ಪ್ರಶ್ನೆ. ನಮ್ಮ ಡ್ರೈವರುಗಳಿಗೆ ಹೆಚ್ಚಿನವರಿಗೆ ಸ್ವಲ್ಪ ಜಮೀನಿದೆ. ತ್ರೀ ಫೇಸ್ ಕರೆಂಟು ರಾತ್ರಿ ಕೊಟ್ಟರೆ ರಾತ್ರಿಯೇ ನೀರು ಕಟ್ಟಬೇಕು. ಆಲೂರು, ಸಕಲೇಶಪುರ ಕಡೆಯವರಾದರೆ ಆನೆ ಕಾಯಬೇಕು. ಬಿಡುವಿನ ದಿನ ಪರಿಚಯದವರ ಟ್ಯಾಕ್ಸಿ ಹತ್ತಿ ಧರ್ಮಸ್ಥಳಕ್ಕೆ ಹೋಗಿ ಬರುವವರೂ ಇದ್ದಾರೆ. ಯಾವ ಇನ್‌ಸ್ಪೆಕ್ಟರ್ ಬಂದು ಇದನ್ನೆಲ್ಲ ನೋಡುತ್ತಾನೆ? ನಾನೂ ಪೊಲೀಸ್ ಕೆಲಸ ಮಾಡಲು ಹೋಗಲಿಲ್ಲ. 'ರಾತ್ರಿ ನಿದ್ದೆ ಆಗಿಲ್ಲ ಅಂದ್ರೆ ಬೆಳಿಗ್ಗೆ ಹೇಳಿ, ಸಂಬಳ ಹಿಡಿಯಲ್ಲ, ಯಾರ್ಡಲ್ಲಿ ಕೆಲಸ ಕೊಡ್ತೀನಿ' ಅಂದೆ. ಇದನ್ನು ದುರುಪಯೋಗ ಮಾಡಿಕೊಳ್ಳುತ್ತಾರೆ ಅಂತ ಮನೆಯವರಿಗೂ ಅನುಮಾನವಿತ್ತು. ಒಬ್ಬಿಬ್ಬರು ಮಾಡಿಕೊಂಡರು ಕೂಡ. ಟ್ಯಾಕ್ಸಿ ಹತ್ತುವವರು ಮಾತ್ರ ಈಗಲೂ ಹೇಳುವುದಿಲ್ಲ.

ಖರ್ಚಿನ ಮಾತು ಬಿಟ್ಟರೆ ಮೋಸವಾಗುತ್ತದೆ. ಒಬ್ಬರ ಸಂಬಳ ಜಾಸ್ತಿಯಾಯಿತು, ತಿಂಗಳಿಗೆ ಟ್ರಿಪ್ಪು ಕಡಿಮೆಯಾಯಿತು. ಬ್ರೇಕ್ ಲೈನರ್, ಟೈರು, ಡೀಸೆಲ್ಲಿನಲ್ಲಿ ಸ್ವಲ್ಪ ಉಳಿಯಿತು, ಆದರೆ ಹೋದದ್ದೆಲ್ಲ ವಾಪಸ್ ಬರಲಿಲ್ಲ. ಲಾರಿ ಒಂದೋ ಎರಡೋ ಇರುವವರು ಲೋಡಿಂಗ್ ಡ್ರೈವರನ್ನು ಒಬ್ಬರೇ ಇಟ್ಟುಕೊಳ್ಳಲು ಆಗುವುದಿಲ್ಲ. ಮೂರ್ನಾಲ್ಕು ಜನ ಸೇರಿ ಒಬ್ಬರನ್ನು ಇಟ್ಟುಕೊಳ್ಳಬಹುದು. ನಮ್ಮ ಪಕ್ಕದ ಯಾರ್ಡಿನವರು ಈಗ ನನ್ನ ಜೊತೆ ಹಾಗೆಯೇ ಹಂಚಿಕೊಂಡಿದ್ದಾರೆ.

ಮಂಗಳೂರು ಕಡೆಯ ಗೇಟು ಮಾತ್ರ ಇನ್ನೂ ನನ್ನ ಕೈಗೆ ಸಿಕ್ಕಿಲ್ಲ. ಅಲ್ಲಿ ನನ್ನ ಮಾತು ಯಾರೂ ಕೇಳುವುದಿಲ್ಲ, ಅಲ್ಲಿಗೆ ಲೋಡಿಂಗ್ ಡ್ರೈವರನ್ನೂ ಕಳಿಸಲಾಗುವುದಿಲ್ಲ. ಸದ್ಯಕ್ಕೆ ಬೈಕಂಪಾಡಿ ಹತ್ತಿರ ಒಂದು ರೂಮು ನೋಡುತ್ತಿದ್ದೇನೆ. ಫ್ಯಾನು, ಸ್ನಾನಕ್ಕೆ ನೀರು, ಹೊರಗೆ ಲಾರಿ ನಿಲ್ಲಿಸಲು ಜಾಗ ಇದ್ದರೆ ಸಾಕು. ಕ್ಯೂನಲ್ಲಿ ಕ್ಲೀನರ್ ಇರುತ್ತಾನೆ, ನಂಬರ್ ಹತ್ತಿರ ಬಂದಾಗ ಫೋನ್ ಮಾಡುತ್ತಾನೆ, ಡ್ರೈವರ್ ಎದ್ದು ಬಂದರೆ ಆಯಿತು. ಗೇಟಿನಲ್ಲಿ ಡ್ರೈವರ್ ಕ್ಯಾಬಿನ್ನಿನಲ್ಲೇ ಇರಬೇಕು ಅಂತ ಕೆಲವು ಕಡೆ ಹೇಳುತ್ತಾರೆ. ಆ ಕಡೆ ಲೋಡು ಹಿಡಿಯುವುದೋ ಬಿಡುವುದೋ ಅಂತ ಮಳೆಗಾಲ ಕಳೆದ ಮೇಲೆ ನೋಡಬೇಕು.