ಮೂನ್ ಕ್ಲಿಪ್‌ಗಾಗಿ ರಿವಾಲ್ವರ್ ಮಾರ್ಪಡಿಸುವ ಮುನ್ನ ಮತ್ತು ನಂತರ

ಅಮೆರಿಕದ ರಿವಾಲ್ವರ್ ಸ್ಪರ್ಧೆಗಳಲ್ಲಿ ಸ್ಪರ್ಧಿಗಳು ಹೆಚ್ಚು ಸಮಯ ಕಳೆದುಕೊಳ್ಳುವುದು ಗುಂಡು ಹಾರಿಸುವಾಗಲ್ಲ, ಸಿಲಿಂಡರ್ (ತೋಟಾಗಳು ಕೂರುವ, ತಿರುಗುವ ಭಾಗ) ತೆರೆದು ಖಾಲಿ ಕೇಸುಗಳನ್ನು (ತೋಟಾದ ಲೋಹದ ಕವಚ) ಹೊರಹಾಕಿ ಹೊಸ ತೋಟಾಗಳನ್ನು ತುಂಬುವಾಗ. ಮೂನ್ ಕ್ಲಿಪ್ ಎಂಬ ತೆಳುವಾದ ಉಕ್ಕಿನ ಬಿಲ್ಲೆಯು ಸಿಲಿಂಡರ್‌ಗೆ ಬೇಕಾದ ಅಷ್ಟೂ ತೋಟಾಗಳನ್ನು ಬುಡದ ಬಳಿ ಕಚ್ಚಿ ಹಿಡಿದಿರುತ್ತದೆ. ಆರು ಅಥವಾ ಎಂಟು ತೋಟಾಗಳು ಒಮ್ಮೆಗೇ ಒಳಗೆ ಹೋಗುತ್ತವೆ, ಹಾರಿಸಿದ ಮೇಲೆ ಕೇಸುಗಳೆಲ್ಲ ಒಂದೇ ಗೊಂಚಲಾಗಿ ಹೊರಬೀಳುತ್ತವೆ.

ಈ ಉಪಾಯ ಹುಟ್ಟಿದ್ದು ಆಟದ ಮೈದಾನದಲ್ಲಲ್ಲ. 1917ರಲ್ಲಿ ಅಮೆರಿಕವು ಮೊದಲ ಮಹಾಯುದ್ಧಕ್ಕೆ ಇಳಿದಾಗ ಎಂ1911 ಪಿಸ್ತೂಲುಗಳು ಸೈನ್ಯಕ್ಕೆ ಸಾಕಾಗುವಷ್ಟು ತಯಾರಾಗುತ್ತಿರಲಿಲ್ಲ. ಆದ್ದರಿಂದ ಅದೇ .45 ಎಸಿಪಿ ತೋಟಾ ಹಾರಿಸುವ ರಿವಾಲ್ವರ್‌ಗಳನ್ನು ಕೋಲ್ಟ್ ಮತ್ತು ಸ್ಮಿತ್ ಅಂಡ್ ವೆಸನ್ ಕಂಪನಿಗಳಿಂದ ತರಿಸಿಕೊಳ್ಳಲಾಯಿತು. ಪಿಸ್ತೂಲಿನ ತೋಟಾಕ್ಕೆ ಬುಡದಲ್ಲಿ ಹೊರಚಾಚಿದ ಅಂಚು, ಅಂದರೆ ರಿಮ್, ಇಲ್ಲದ ಕಾರಣ ರಿವಾಲ್ವರ್‌ನ ಎಕ್ಸ್‌ಟ್ರಾಕ್ಟರ್‌ಗೆ (ಕೇಸುಗಳನ್ನು ಹೊರದಬ್ಬುವ ನಕ್ಷತ್ರಾಕಾರದ ಭಾಗ) ಅದನ್ನು ಹಿಡಿದು ಹೊರದಬ್ಬಲು ಆಧಾರವೇ ಇರಲಿಲ್ಲ. ಮೂರು ಮೂರು ತೋಟಾ ಹಿಡಿಯುವ ಅರ್ಧಚಂದ್ರಾಕಾರದ ಕ್ಲಿಪ್‌ಗಳು ಆ ಕೊರತೆಯನ್ನು ತುಂಬಿದವು. ಪೂರ್ಣ ವೃತ್ತದ ಕ್ಲಿಪ್ ಬಂದದ್ದು ಆಮೇಲೆ. 1999ರಲ್ಲಿ ಅಮೆರಿಕದ ಸ್ಪರ್ಧಾ ಶೂಟರ್ ಜೆರ್ರಿ ಮಿಕ್ಯುಲೆಕ್ ಆರು ಗುಂಡು ಹಾರಿಸಿ, ಮತ್ತೆ ತುಂಬಿ, ಇನ್ನಾರು ಗುಂಡು ಹಾರಿಸಲು ತೆಗೆದುಕೊಂಡದ್ದು 2.99 ಸೆಕೆಂಡ್, ಅವರ ಕೈಯಲ್ಲಿದ್ದದ್ದು ಇಂಥ ಕ್ಲಿಪ್ ಬಳಸುವ ಸ್ಮಿತ್ ಅಂಡ್ ವೆಸನ್ ಮಾಡೆಲ್ 625.

ಮಾಡೆಲ್ 625ರಂತೆ .45 ಎಸಿಪಿ ಅಥವಾ 9 ಮಿಮೀ ತೋಟಾ ಬಳಸುವ ರಿವಾಲ್ವರ್‌ಗಳು ಸಾಮಾನ್ಯವಾಗಿ ಕಾರ್ಖಾನೆಯಿಂದಲೇ ಕ್ಲಿಪ್‌ಗೆ ಸಿದ್ಧವಾಗಿ ಬರುತ್ತವೆ. ಮಾರ್ಪಾಡಿನ ಪ್ರಶ್ನೆ ಏಳುವುದು ಮುಖ್ಯವಾಗಿ .38 ಸ್ಪೆಷಲ್ ಮತ್ತು .357 ಮ್ಯಾಗ್ನಮ್ ರಿವಾಲ್ವರ್‌ಗಳಲ್ಲಿ. ಇವುಗಳ ತೋಟಾಕ್ಕೆ ರಿಮ್ ಇದೆ. ಕ್ಲಿಪ್ ಆ ರಿಮ್‌ನ ಮುಂದಿನ ಸಣ್ಣ ತೋಡಿನಲ್ಲಿ ಕೂರುವುದರಿಂದ, ಅದರ ದಪ್ಪಕ್ಕೆ ಸರಿಯಾದಷ್ಟು ಲೋಹವನ್ನು ಸಿಲಿಂಡರ್‌ನ ಹಿಂಬದಿಯ ನಡುಭಾಗದಿಂದಲೂ ಎಕ್ಸ್‌ಟ್ರಾಕ್ಟರ್ ನಕ್ಷತ್ರದಿಂದಲೂ ತೆಗೆಯಬೇಕಾಗುತ್ತದೆ. ಚೇಂಬರ್‌ನ (ಒಂದೊಂದು ತೋಟಾ ಕೂರುವ ರಂಧ್ರದ) ಹೊರ ಅಂಚಿನಲ್ಲಿ ರಿಮ್ ಕೂರುವ ಜಾಗ ಮೊದಲಿನಂತೆಯೇ ಉಳಿಯುವ ಕಾರಣ, ಕೆಲಸ ಸರಿಯಾಗಿ ಆಗಿದ್ದರೆ ಕ್ಲಿಪ್ ಇಲ್ಲದೆ ಬಿಡಿ ತೋಟಾಗಳನ್ನೂ ಹಾರಿಸಬಹುದು.

ಹೆಚ್ಚಿನವರು ಮೊದಲು ಸಿಲಿಂಡರ್ ಕೊರೆಸಿ, ನಂತರ ಸಿಕ್ಕ ಕ್ಲಿಪ್ ಕೊಂಡು, ಕೊನೆಗೆ ಮನೆಯಲ್ಲಿದ್ದ ಕೇಸುಗಳನ್ನು ಅದಕ್ಕೆ ತುರುಕಲು ನೋಡುತ್ತಾರೆ. ಈ ಕ್ರಮವನ್ನು ಪೂರ್ತಿ ತಿರುಗಿಸಬೇಕು. .38 ಮತ್ತು .357 ಕೇಸುಗಳನ್ನು ಕ್ಲಿಪ್‌ಗಾಗಿ ಎಂದು ರೂಪಿಸಿದ್ದೇ ಅಲ್ಲ; ಹಾಗಾಗಿ ರಿಮ್‌ನ ಮುಂದಿನ ತೋಡಿನ ಆಳ ಮತ್ತು ಅಗಲ ಒಂದು ಕಂಪನಿಯಿಂದ ಇನ್ನೊಂದಕ್ಕೆ ಬೇರೆಯಾಗುತ್ತದೆ. ಒಂದು ಕಂಪನಿಯ ಕೇಸು ಗಟ್ಟಿಯಾಗಿ ಕೂರುವ ಕ್ಲಿಪ್‌ನಲ್ಲಿ ಇನ್ನೊಂದರ ಕೇಸು ಸಡಿಲವಾಗಿ ಓಲಾಡಬಹುದು, ಮತ್ತೊಂದು ಒಳಗೆ ಹೋಗದೇ ಇರಬಹುದು. ಓಲಾಡುವ ಆರು ತೋಟಾಗಳ ಮೂತಿಗಳನ್ನು ಆರು ಚೇಂಬರ್‌ಗಳಿಗೆ ಒಟ್ಟಿಗೆ ಹೊಂದಿಸುವುದಕ್ಕಿಂತ ಸಾಮಾನ್ಯ ಸ್ಪೀಡ್‌ಲೋಡರ್ (ತೋಟಾಗಳನ್ನು ಒಟ್ಟಿಗೆ ತುಂಬಿ ಬಿಟ್ಟುಬಿಡುವ ಸಾಧನ) ಎಷ್ಟೋ ಮೇಲು. ಆದ್ದರಿಂದ ಮೊದಲು ಒಂದೇ ಕಂಪನಿಯ ಕೇಸನ್ನು ಆರಿಸಿ ಅದಕ್ಕೇ ಅಂಟಿಕೊಳ್ಳಬೇಕು. ಆ ಕೇಸಿಗೆ ಹೊಂದುವ ಕ್ಲಿಪ್‌ಗಳ ಮಾದರಿಗಳನ್ನು ತರಿಸಿ ನೋಡಬೇಕು. ಕ್ಲಿಪ್‌ನ ದಪ್ಪ ನಿಶ್ಚಯವಾದ ಮೇಲಷ್ಟೇ ಸಿಲಿಂಡರ್ ಕಳುಹಿಸಬೇಕು. ಉದ್ದದ ಬಗ್ಗೆಯೂ ಆಗಲೇ ಯೋಚಿಸುವುದು ಲೇಸು. .357 ಕೇಸಿನ ಉದ್ದ ಸುಮಾರು 33 ಮಿಮೀ, .38 ಸ್ಪೆಷಲ್‌ನದು ಸುಮಾರು 29 ಮಿಮೀ, .38 ಶಾರ್ಟ್ ಕೋಲ್ಟ್‌ನದು 20 ಮಿಮೀಗಿಂತಲೂ ಸ್ವಲ್ಪ ಕಡಿಮೆ. ಗಿಡ್ಡ ಕೇಸು ಬೇಗ ಒಳಹೋಗಿ ಬೇಗ ಹೊರಬೀಳುವುದರಿಂದ, ತೋಟಾಗಳನ್ನು ತಾವೇ ತುಂಬಿಕೊಳ್ಳುವ ಅನೇಕ ಸ್ಪರ್ಧಿಗಳು ಶಾರ್ಟ್ ಕೋಲ್ಟ್ ಕೇಸನ್ನೇ ಬಳಸುತ್ತಾರೆ. ದುಂಡು ಮೂತಿಯ ಗುಂಡುಗಳು ಚೇಂಬರ್‌ಗೆ ತಾವಾಗಿ ಜಾರುತ್ತವೆ, ಚಪ್ಪಟೆ ಮೂತಿಯವು ಅಂಚಿಗೆ ತಡೆಯುತ್ತವೆ.

ಕೊರೆಯುವ ಕೆಲಸ ಮನೆಯ ಡ್ರಿಲ್ ಮತ್ತು ಅರದಿಂದ ಆಗುವಂಥದ್ದಲ್ಲ. ಹೆಚ್ಚು ಲೋಹ ತೆಗೆದರೆ ಅದನ್ನು ಮರಳಿ ಸೇರಿಸಲು ಬರುವುದಿಲ್ಲ, ಹೊಸ ಸಿಲಿಂಡರ್ ಹೊಂದಿಸುವ ಖರ್ಚು ಮೂಲ ಕೆಲಸದ ಹಲವು ಪಟ್ಟು. ಅಮೆರಿಕದಲ್ಲಿ ಈ ಕೆಲಸವನ್ನೇ ಮಾಡುವ ಗನ್‌ಸ್ಮಿತ್‌ಗಳಿದ್ದಾರೆ. ಅಲ್ಲಿನ ಫೆಡರಲ್ ಕಾನೂನಿನ ಪ್ರಕಾರ ಬಂದೂಕೆಂದು ಎಣಿಸುವುದು ಫ್ರೇಮನ್ನು (ಉಳಿದ ಭಾಗಗಳು ಜೋಡಣೆಯಾಗುವ ಮುಖ್ಯ ಚೌಕಟ್ಟನ್ನು) ಮಾತ್ರ; ಆದ್ದರಿಂದ ಸಿಲಿಂಡರ್ ಜೋಡಣೆಯನ್ನಷ್ಟೇ ಬಿಚ್ಚಿ ಕಳುಹಿಸಿದರೆ ಸಾಕಾಗುತ್ತದೆ. ಕಳುಹಿಸುವ ಮೊದಲು ಎರಡು ಸಂಗತಿಗಳನ್ನು ಹೇಳಬೇಕು. ಸಿಲಿಂಡರ್ ಟೈಟಾನಿಯಂನದಾದರೆ ಅದರ ಮೇಲ್ಪದರವನ್ನು ಕೆಡಿಸಬಾರದೆಂಬ ಎಚ್ಚರಿಕೆ ಇರುತ್ತದೆ. ಹಳೆಯ ಮ್ಯಾಗ್ನಮ್ ರಿವಾಲ್ವರ್‌ಗಳಲ್ಲಿ ರಿಮ್ ಸಿಲಿಂಡರ್‌ನೊಳಗೇ ಹುದುಗುವಂತೆ ಕೊರೆದಿರುವುದುಂಟು, ಅವುಗಳ ಲೆಕ್ಕ ಬೇರೆ. ಚೇಂಬರ್ ಬಾಯಿಗಳ ಅಂಚನ್ನು ಸ್ವಲ್ಪ ಇಳಿಜಾರು ಮಾಡಿಸುವುದಾದರೆ ಅದನ್ನೂ ಇದೇ ಸಲ ಮಾಡಿಸಬಹುದು.

ಭಾರತದಲ್ಲಿರುವ ಓದುಗರು ಇದನ್ನು ತಿಳುವಳಿಕೆಗಾಗಿ ಮಾತ್ರ ಓದಬೇಕು. 1959ರ ಶಸ್ತ್ರಾಸ್ತ್ರ ಕಾಯ್ದೆಯ 5ನೇ ಕಲಮಿನ ಅಡಿಯಲ್ಲಿ ಬಂದೂಕುಗಳ ತಯಾರಿಕೆ, ಪರಿವರ್ತನೆ, ದುರಸ್ತಿ ಇವೆಲ್ಲಕ್ಕೂ ಪ್ರತ್ಯೇಕ ಪರವಾನಗಿ ಬೇಕು. ಕಾನ್ಪುರದಲ್ಲಿ ತಯಾರಾಗುವ .32 ರಿವಾಲ್ವರ್ ಇಟ್ಟುಕೊಳ್ಳಲು ಸಿಕ್ಕ ಪರವಾನಗಿಯು ಅದರ ಸಿಲಿಂಡರ್‌ಗೆ ಯಂತ್ರ ಹಚ್ಚಲು ಅನುಮತಿ ಕೊಡುವುದಿಲ್ಲ.

ಸಿಲಿಂಡರ್ ಮರಳಿ ಬಂದು ಜೋಡಿಸಿದ ಮೇಲೆ ಮೊದಲ ಪರೀಕ್ಷೆಯನ್ನು ಪ್ರೈಮರ್ (ಹೊಡೆತಕ್ಕೆ ಸಿಡಿದು ಮದ್ದು ಹೊತ್ತಿಸುವ ಭಾಗ) ಮತ್ತು ಮದ್ದು ಇಲ್ಲದ ಡಮ್ಮಿ ತೋಟಾಗಳಿಂದಲೇ ಮಾಡಬೇಕು. ಆ ಹೊತ್ತಿನಲ್ಲಿ ಅದೇ ಕೋಣೆಯಲ್ಲಿ ನಿಜವಾದ ತೋಟಾ ಒಂದೂ ಇರಕೂಡದು. ತುಂಬಿದ ಕ್ಲಿಪ್ ತನ್ನ ಭಾರಕ್ಕೇ ಒಳಗೆ ಬೀಳಬೇಕು, ಸಿಲಿಂಡರ್ ಒತ್ತಡವಿಲ್ಲದೆ ಮುಚ್ಚಬೇಕು, ಟ್ರಿಗರನ್ನು ನಿಧಾನವಾಗಿ ಎಳೆದಾಗ ಎಲ್ಲ ಚೇಂಬರ್‌ಗಳಲ್ಲೂ ಒಂದೇ ಹಗುರತನದಿಂದ ತಿರುಗಬೇಕು. ಎಲ್ಲೋ ಒಂದೆಡೆ ಬಿಗಿ ಎನಿಸಿದರೆ ಬೇರೆ ಕ್ಲಿಪ್ ಹಾಕಿ ನೋಡಿ: ಬಿಗಿತ ಹೋದರೆ ದೋಷ ಮೊದಲ ಕ್ಲಿಪ್‌ನದು, ಅಲ್ಲೇ ಉಳಿದರೆ ಗನ್‌ಸ್ಮಿತ್‌ಗೆ ಮರಳಿಸಬೇಕು. ಇಷ್ಟಾದ ಮೇಲೆ ರೇಂಜಿನಲ್ಲಿ ನಿಜವಾದ ತೋಟಾಗಳೊಂದಿಗೆ ಕ್ಲಿಪ್ ಸಹಿತ ಮತ್ತು ಕ್ಲಿಪ್ ರಹಿತ ಎರಡೂ ರೀತಿ ಪರೀಕ್ಷಿಸಬೇಕು. ಕೆಲವು ತೋಟಾ ಹಾರದೆ ಉಳಿದರೆ ಎಲ್ಲವನ್ನೂ ಕೊರೆತದ ಮೇಲೆ ಹೊರಿಸಬೇಡಿ; ಟ್ರಿಗರ್ ಹಗುರವಾಗಲೆಂದು ಸ್ಪ್ರಿಂಗ್ ಸಡಿಲಿಸಿದ ರಿವಾಲ್ವರ್‌ನಲ್ಲಿ ಗಟ್ಟಿ ಪ್ರೈಮರ್ ಇದ್ದರೂ ಹೀಗೆ ಆಗುತ್ತದೆ.

ತೆಳುವಾದ ಕ್ಲಿಪ್ ಬಹಳ ಸುಲಭವಾಗಿ ಸೊಟ್ಟಗಾಗುತ್ತದೆ, ಮತ್ತು ಸೊಟ್ಟ ಕ್ಲಿಪ್ ಸಿಲಿಂಡರನ್ನೇ ತಡೆದು ನಿಲ್ಲಿಸಬಲ್ಲದು. ಖಾಲಿ ಕೇಸುಗಳನ್ನು ಬೆರಳಿನಿಂದ ತಿರುಚಿ ತೆಗೆಯದೆ ಅದಕ್ಕೆಂದೇ ಸಿಗುವ ಕೊಳವೆಯಂಥ ಸಾಧನ ಬಳಸಿ. ಖಾಲಿ ಕ್ಲಿಪ್‌ಗಳನ್ನು ಗಾಜಿನಂಥ ಸಮತಟ್ಟಾದ ಮೇಲ್ಮೈಯಲ್ಲಿಟ್ಟು ಒತ್ತಿ ನೋಡಿ, ಕುಲುಕಾಡಿದ್ದನ್ನು ನೆಟ್ಟಗೆ ಮಾಡಲು ಹೋಗದೆ ಎಸೆದುಬಿಡಿ. ಸ್ಪರ್ಧೆಯ ಹಿಂದಿನ ದಿನ ತುಂಬಿದ ಪ್ರತಿ ಕ್ಲಿಪ್ಪನ್ನೂ ರಿವಾಲ್ವರ್‌ನಿಂದ ಹೊರತೆಗೆದ ಬಿಡಿ ಸಿಲಿಂಡರ್‌ನಲ್ಲೋ ಅದೇ ಅಳತೆಯ ಗೇಜಿನಲ್ಲೋ ಹಾಕಿ ನೋಡುವುದು ಪರಿಣತರ ರೂಢಿ. ಖಾಲಿ ಮಾಡುವಾಗ ಬೆರಳು ಟ್ರಿಗರ್‌ನಿಂದ ಹೊರಗಿರಲಿ. ಸ್ಪರ್ಧೆಯ ನಿಯಮ ಒಪ್ಪುವ ಸುರಕ್ಷಿತ ದಿಕ್ಕಿಗೇ ನಳಿಕೆಯನ್ನು ಮೇಲೆತ್ತಿ ಎಜೆಕ್ಟರ್ ರಾಡನ್ನು (ಎಕ್ಸ್‌ಟ್ರಾಕ್ಟರನ್ನು ತಳ್ಳುವ ಸರಳು) ಅಂಗೈಯಿಂದ ಒಮ್ಮೆ ಜೋರಾಗಿ ಹೊಡೆಯಿರಿ. ತುಂಬುವಾಗ ನಳಿಕೆ ಕೆಳಮುಖವಾಗಿರಲಿ, ಹೊಂದಿಸಬೇಕಾದದ್ದು ಒಂದು ತೋಟಾದ ಮೂತಿಯನ್ನು ಮಾತ್ರ. ಕ್ಲಿಪ್ ಬಿಗಿಯಾಗಿದ್ದರೆ ಉಳಿದವು ಅದರ ಹಿಂದೆ ತಾವೇ ಇಳಿಯುತ್ತವೆ.