ಕಾರಿನ ಸ್ಪೆಕ್ ಶೀಟ್‌ನಲ್ಲಿ ಎಂಜಿನ್, ಗೇರ್‌ಬಾಕ್ಸ್ ಕಾಲಂ ಓದೋದು ಹೇಗೆ?

ಸಣ್ಣ ಕಾರು ತಗೊಳ್ಳೋಕೆ ಹೋದವರು ಶೀಟ್ ಕೈಗೆ ಬಂದ ತಕ್ಷಣ ಬೆರಳಿಡೋದು ಪವರ್ ಮೇಲೆ, ಇದು 90 ಪಿಎಸ್ (ಅಶ್ವಶಕ್ತಿ), ಅದು 82, ಹಾಗಾದ್ರೆ ಇದೇ ಜೋರು ಅಂತ ಅಲ್ಲಿಗೇ ತೀರ್ಮಾನ. ಆಮೇಲೆ ಐದು ಜನ ಕೂತು ಎಸಿ ಹಾಕ್ಕೊಂಡು ಏರು ಹತ್ತುವಾಗ ಗಾಡಿ ಏದುಸಿರು ಬಿಡತ್ತೆ. ನನ್ನ ಭಾವನೂ ಹೀಗೇ ಮಾಡ್ಕೊಂಡ್ರು, ನೋಡಿ ಬೇಜಾರಾಯ್ತು, ಯಾಕಂದ್ರೆ ವಿಷಯ ಅದೇ ಶೀಟ್‌ನಲ್ಲಿ ಇತ್ತು.

ಮೊದಲು ಸಿಸಿ, ಅಂದ್ರೆ ಎಂಜಿನ್ ಸಿಲಿಂಡರ್‌ಗಳ ಒಟ್ಟು ಗಾತ್ರ. 998 ಅಂದ್ರೆ 1 ಲೀಟರ್, 1197 ಅಂದ್ರೆ 1.2. ಮೂರು ಸಿಲಿಂಡರ್ ಇದ್ರೆ ನಿಂತಲ್ಲಿ ನಡುಕ ಸ್ವಲ್ಪ ಜಾಸ್ತಿ, ಅಷ್ಟೇ.

ಎರಡನೇದು ಟಾರ್ಕ್, ಅಂದ್ರೆ ಎಂಜಿನ್ನಿನ ತಿರುಗಿಸೋ ಬಲ, ಎಲ್ಲರೂ ಎಡವೋದು ಇಲ್ಲೇ. 113 ಎನ್‌ಎಂ (ನ್ಯೂಟನ್ ಮೀಟರ್) ಅಂತ ಬರೆದಿದ್ರೆ ಅದರ ಪಕ್ಕದ ಆರ್‌ಪಿಎಂ, ಅಂದ್ರೆ ಎಂಜಿನ್ ನಿಮಿಷಕ್ಕೆ ಎಷ್ಟು ಸುತ್ತುವಾಗ ಅಷ್ಟು ಟಾರ್ಕ್ ಸಿಗತ್ತೆ ಅನ್ನೋದನ್ನ ಓದದೆ ಮುಂದೆ ಹೋಗ್ಲೇಬೇಡಿ. ಟಾರ್ಕನ್ನ ಆರ್‌ಪಿಎಂನಿಂದ ಗುಣಿಸಿ 9549ರಿಂದ ಭಾಗಿಸಿದ್ರೆ ಕಿಲೋವ್ಯಾಟ್, ಅದಕ್ಕೆ 1.36 ಗುಣಿಸಿದ್ರೆ ಪಿಎಸ್. ಟರ್ಬೊ (ಎಂಜಿನ್ನಿಗೆ ಗಾಳಿ ಒತ್ತಿ ತುಂಬೋ ಪಂಪ್) ಇಲ್ಲದ ಒಂದು 1.2 ಎಂಜಿನ್, 113 ಎನ್‌ಎಂ, 4400 ಆರ್‌ಪಿಎಂನಲ್ಲಿ ಅಂತಿಟ್ಕೊಳ್ಳಿ. ಊರೊಳಗೆ ನಾವು ಓಡಿಸೋದು ಹೆಚ್ಚುಕಮ್ಮಿ 2000ದಲ್ಲಿ, ಅಲ್ಲೇ ಪೂರ್ತಿ 113 ಸಿಕ್ತು ಅಂತ ಧಾರಾಳವಾಗಿ ಹಿಡಿದ್ರೂ ಬರೋದು 32 ಪಿಎಸ್. ಅದೇ 170 ಎನ್‌ಎಂ, 1750ರಿಂದ 4000ದವರೆಗೆ ಅಂತ ಬರೆದಿರೋ 1 ಲೀಟರ್ ಟರ್ಬೊ ಆದ್ರೆ 2000ದಲ್ಲೇ 48. ಶೀಟ್‌ನ ಆ 90 ಪಿಎಸ್ ಸಿಗೋದು 6000 ಮುಟ್ಟಿದಾಗ, ಅಷ್ಟು ಎಳೆಯೋರು ಎಷ್ಟು ಜನ ಇದ್ದಾರೆ ಹೇಳಿ. ಟರ್ಬೊಗೂ ಒಂದು ಕೊರತೆ ಇದೆ, 1500ಕ್ಕಿಂತ ಕೆಳಗೆ ಅದು ಸುಮಾರಾಗಿ ಮಲಗಿರತ್ತೆ.

ಅಂದಹಾಗೆ ಮೆಕ್ಯಾನಿಕ್ ದೋಷ ನೋಡೋಕೆ ಕಾರಿನಲ್ಲಿರೋ ಒಬಿಡಿ ಸಾಕೆಟ್‌ಗೆ ಸಿಕ್ಕಿಸಿದ್ರೆ ಪವರ್ ಹೆಚ್ಚತ್ತೆ ಅಂತ ಮಾರೋ ಪುಟ್ಟ ಡಬ್ಬಿ ತಗೋಬೇಡಿ. ನಾನು ಒಂದನ್ನ ಬಿಚ್ಚಿ ನೋಡಿದೀನಿ, ಒಳಗೆ ಮಿಣುಕೋ ದೀಪ ಮತ್ತು ಅದನ್ನ ಮಿಣುಕಿಸೋ ಚಿಪ್ ಬಿಟ್ರೆ ಏನೂ ಇರ್ಲಿಲ್ಲ.

ಮೂರನೇದು ಗೇರ್. ಐದಾ ಆರಾ ಅಂತ ಎಣಿಸಿ ಸುಮ್ಮನಾಗಬೇಡಿ, ರೇಶಿಯೊ ನೋಡಿ, ಅಂದ್ರೆ ಆ ಗೇರ್‌ನ ಆಚೆ ಒಂದು ಸುತ್ತಿಗೆ ಈಚೆ ಎಷ್ಟು ಸುತ್ತು ಬೇಕು ಅನ್ನೋದು. ಮೊದಲ ಗೇರ್ 3.5, ಫೈನಲ್ ಡ್ರೈವ್ (ಚಕ್ರಕ್ಕೆ ಮುಂಚೆ ಇರೋ ಕೊನೇ ಗೇರ್ ಜೋಡಿ) 4 ಇದ್ರೆ, ಎರಡನ್ನೂ ಗುಣಿಸಿ, ಎಂಜಿನ್ನಿನ ಟಾರ್ಕ್ ಚಕ್ರಕ್ಕೆ ಹೋಗೋವಷ್ಟರಲ್ಲಿ 14 ಪಟ್ಟು, ಘರ್ಷಣೆಯಲ್ಲಿ ಹೋಗೋದು ಬಿಟ್ಟು. ಐದನೇದು 0.75 ಆದ್ರೆ ಬರೀ 3 ಪಟ್ಟು, ಅಂದ್ರೆ ಎಂಜಿನ್ 3000 ಸುತ್ತಿದ್ರೆ ಚಕ್ರ 1000 ಸುತ್ತತ್ತೆ. 165/80 ಆರ್14 ಟೈರ್ ಒಂದು ಸುತ್ತಿಗೆ ಸುಮಾರು 1.94 ಮೀಟರ್ ಉರುಳೋದ್ರಿಂದ ಗಂಟೆಗೆ 116 ಕಿಮೀ. ಹೈವೇಯಲ್ಲಿ ಎಂಜಿನ್ ಕಿರುಚತ್ತಾ ಇಲ್ವಾ ಅನ್ನೋದು ಮನೇಲೇ ಕೂತು ಹೀಗೆ ಲೆಕ್ಕ ಹಾಕ್ಬಹುದು.

ಆಟೊಮ್ಯಾಟಿಕ್ ಬೇಕಂದ್ರೆ ಹೆಸರು ಓದಿ. ಎಎಂಟಿ ಅಂದ್ರೆ ಮಾಮೂಲಿ ಮ್ಯಾನ್ಯುಯಲ್ಲೇ, ಕ್ಲಚ್ ಒತ್ತೋ, ಗೇರ್ ಬದಲಿಸೋ ಕೆಲಸ ಮಾತ್ರ ಯಂತ್ರದ್ದು, ಗೇರ್ ಬದಲಾಗುವಾಗ ತಲೆ ಮುಂದಕ್ಕೆ ವಾಲತ್ತೆ. ಸಿವಿಟಿಯಲ್ಲಿ ಗೇರ್ ಬದಲು ಬೆಲ್ಟು, ಪುಲ್ಲಿ, ಮೆತ್ತಗಿರತ್ತೆ, ಜೋರಾಗಿ ಒತ್ತಿದ್ರೆ ಸದ್ದು ಮೊದಲು, ವೇಗ ಆಮೇಲೆ. ಎರಡು ಕ್ಲಚ್ ಇರೋದು (ಡಿಸಿಟಿ) ಬಲು ಚುರುಕು, ಆದ್ರೆ ಡ್ರೈ ಕ್ಲಚ್ (ಎಣ್ಣೆಯಲ್ಲಿ ಮುಳುಗಿರದ್ದು) ಆದ್ರೆ ತೆವಳೋ ಟ್ರಾಫಿಕ್‌ನಲ್ಲಿ ಬಿಸಿಯಾಗತ್ತೆ. ನನ್ನ ಓಟು, ಕ್ಲಚ್ ಬದಲು ಎಣ್ಣೆಯ ಮೂಲಕ ಎಂಜಿನ್ ಬಲ ದಾಟಿಸೋ ಟಾರ್ಕ್ ಕನ್ವರ್ಟರ್‌ಗೆ.

ಕೊನೇದಾಗಿ ಟೆಸ್ಟ್ ಡ್ರೈವ್. ಮ್ಯಾನ್ಯುಯಲ್ ಆದ್ರೆ ಮನೆಯವರನ್ನೆಲ್ಲ ಕೂರಿಸಿ, ಎಸಿ ಹಾಕಿ, ಎರಡನೇ ಗೇರ್‌ನಲ್ಲಿ 1500 ಆರ್‌ಪಿಎಂಗೆ ಇಳಿಸಿ ಏರಲ್ಲಿ ಅರ್ಧ ಪೆಡಲ್ ಒತ್ತಿ. ಮೊದಲನೇ ಗೇರ್ ಕಡೆ ಕೈ ಹೋದ್ರೆ ಆ ಕಾರು ನಿಮಗೆ ಬೇಡ.