ಚಿಟ್ಟಿಲಿಯನ್ನು ಕೊಲ್ಲದೆ ಮನೆಯಿಂದ ಹೊರಗಿಡುವ ಬಗೆ

ಅಡುಗೆಮನೆಯಲ್ಲಿ ಇಲಿ ಕಂಡ ದಿನವೇ ಬೋನು ತರಬೇಡಿ. ಸಂದು ತೆರೆದಿದ್ದರೆ ಒಂದನ್ನು ಹಿಡಿದು ಬಿಟ್ಟು ಬರುವಷ್ಟರಲ್ಲಿ ಇನ್ನೊಂದು ಒಳಗಿರುತ್ತದೆ. ಹೆಣ್ಣು ಚಿಟ್ಟಿಲಿ ಗಬ್ಬವಾದ ಮೂರು ವಾರಕ್ಕೆ ಈಯುತ್ತದೆ, ಒಂದು ಸೂಲಿಗೆ ಸಾಮಾನ್ಯವಾಗಿ 5ರಿಂದ 8 ಮರಿ. ಹಾಗಾಗಿ ಮೊದಲು ದಾರಿ ಹುಡುಕಬೇಕು, ಆಮೇಲೆ ಆಹಾರ ತಪ್ಪಿಸಬೇಕು, ಸಂದು ಮುಚ್ಚಬೇಕು. ಬೋನಿನ ಸರದಿ ಕೊನೆಗೆ.

ಬಂದಿರುವುದು ಯಾವುದೆಂದು ಹಿಕ್ಕೆ ನೋಡಿದರೆ ತಿಳಿಯುತ್ತದೆ. ಜೀರಿಗೆ ಕಾಳಿನಷ್ಟಿದ್ದರೆ ಚಿಟ್ಟಿಲಿ. ಒಂದು ಸೆಂಟಿಮೀಟರಿಗಿಂತ ಉದ್ದವಿದ್ದರೆ ದೊಡ್ಡ ಇಲಿ. ಚೂಪು ಮೂತಿ, ಎಳ್ಳಿನಷ್ಟು ಕಣ್ಣು, ಗೋಡೆಯಂಚಿನಲ್ಲಿ ಕೀಚುಗುಟ್ಟುತ್ತ ಓಡುವ ಪ್ರಾಣಿಯಾದರೆ ಅದು ಸೊಂಡಿಲಿ. ಅದು ಇಲಿಯ ಜಾತಿಯದ್ದೇ ಅಲ್ಲ. ಜಿರಳೆ, ಹುಳುಗಳನ್ನು ತಿಂದುಕೊಂಡಿರುತ್ತದೆ. ಕೋಣೆಯ ದೀಪ ಆರಿಸಿ, ಹೊರಬಾಗಿಲು ತೆರೆದಿಟ್ಟು, ಗೋಡೆಗುಂಟ ಉದ್ದ ಹಲಗೆಯೊಂದನ್ನು ಹಿಡಿದು ನಿಧಾನವಾಗಿ ಬಾಗಿಲ ಕಡೆ ತಿರುಗಿಸಿದರೆ ತಾನೇ ಹೊರಹೋಗುತ್ತದೆ.

ಚಿಟ್ಟಿಲಿಯ ದಾರಿ ಹಿಡಿಯಲು ರಂಗೋಲಿ ಪುಡಿಗಿಂತ ಒಳ್ಳೆಯ ಸಾಧನವಿಲ್ಲ. ಹಿಟ್ಟು ಚೆಲ್ಲಿದರೆ ಅದನ್ನೇ ತಿನ್ನಲು ಬರುತ್ತದೆ, ಗುರುತು ಕಲಸಿಹೋಗುತ್ತದೆ. ರಾತ್ರಿ ಮಲಗುವ ಮೊದಲು ಗೋಡೆಯಂಚು, ಸಿಂಕಿನ ಕೆಳಗೆ, ಫ್ರಿಜ್ಜಿನ ಹಿಂದೆ, ಅಟ್ಟದ ಅಂಚಿಗೆ ತೆಳುವಾಗಿ ಉದುರಿಸಿ. ಬೆಳಿಗ್ಗೆ ಹೆಜ್ಜೆ ಸಾಲು ಎತ್ತ ಹೋಗಿದೆಯೋ ಅತ್ತ ಟಾರ್ಚ್ ಬಿಟ್ಟು ನೋಡಿ. ಪೆನ್ಸಿಲ್ ತೂರುವ ಸಂದಾದರೆ ಸಾಕು, ಚಿಟ್ಟಿಲಿ ನುಸುಳುತ್ತದೆ. ಅದಕ್ಕೆ ಸುಮಾರು 6 ಮಿಲಿಮೀಟರ್ ಜಾಗ ಸಾಕಾಗುತ್ತದೆ. ಸಿಂಕಿನ ಪೈಪು ಗೋಡೆ ಹೊಕ್ಕ ಜಾಗ, ಬಚ್ಚಲ ಮೋರಿ, ಗ್ಯಾಸ್ ಸಿಲಿಂಡರನ್ನು ಹೊರಗಿಟ್ಟವರು ಕೊರೆಸಿದ ತೂತು, ಬಾಗಿಲ ಅಡಿ, ಹಂಚಿನ ಮಾಡು ಗೋಡೆಗೆ ಕೂಡುವ ಅಂಚು, ಇವು ಹೆಚ್ಚಿನ ಮನೆಗಳಲ್ಲಿ ಕಣ್ತಪ್ಪುವ ಕಡೆಗಳು. ತೂತು ಬಳಕೆಯಲ್ಲಿದೆಯೇ ಎಂಬ ಅನುಮಾನವಿದ್ದರೆ ಹಾಳೆಯ ಉಂಡೆಯೊಂದನ್ನು ಸಡಿಲವಾಗಿ ತುರುಕಿ. ಬೆಳಗಾಗುವಷ್ಟರಲ್ಲಿ ಅದು ಹೊರಬಿದ್ದಿದ್ದರೆ ದಾರಿ ಅದೇ.

ಅಕ್ಕಿ, ರಾಗಿ, ಕಡಲೆಕಾಯಿ, ಕೊಬ್ಬರಿಗಳನ್ನು ಬಿಗಿ ಮುಚ್ಚಳದ ಸ್ಟೀಲ್ ಡಬ್ಬಿಗೆ ಹಾಕಿ. ಗೋಣಿಚೀಲ, ತೆಳು ಪ್ಲಾಸ್ಟಿಕ್ ಎರಡೂ ಅದರ ಹಲ್ಲಿಗೆ ಸುಲಭ. ಎಣ್ಣೆ ನೆಂದ ಬತ್ತಿಯನ್ನು ಇಲಿ ಕಚ್ಚಿಕೊಂಡು ಓಡುತ್ತದೆ. ಉರಿಯುವ ಬತ್ತಿಯಾದರೆ ಬೆಂಕಿಯೂ ಅದರ ಜೊತೆ ಹೋಗುತ್ತದೆ, ಆದ್ದರಿಂದ ಮಲಗುವ ಮುನ್ನ ದೇವರ ದೀಪ ಶಾಂತ ಮಾಡಿ, ಬತ್ತಿ ಎತ್ತಿಡಿ. ಗ್ಯಾಸಿನ ಪೈಪನ್ನೂ ಬೆರಳಾಡಿಸಿ ನೋಡಿ. ಬರಿ ರಬ್ಬರಿನದಿದ್ದರೆ ತಂತಿ ಹೆಣೆದ ಸುರಕ್ಷಾ ಹೋಸ್‌ಗೆ ಬದಲಿಸಿ.

ಸಂದು ಮುಚ್ಚಲು ಥರ್ಮಾಕೋಲ್, ಬಟ್ಟೆ, ಫೋಮ್ ಬಳಸಿದರೆ ಇಲಿ ಒಂದೇ ರಾತ್ರಿಯಲ್ಲಿ ಕಡಿದು ಹಾಕಬಹುದು. ಪಾತ್ರೆ ತಿಕ್ಕುವ ಸ್ಟೀಲ್ ನಾರನ್ನು ಬಿಗಿಯಾಗಿ ತುರುಕಿ, ಅದರ ಮೇಲೆ ಒಂದು ಪಾಲು ಸಿಮೆಂಟಿಗೆ ಮೂರು ಪಾಲು ಮರಳಿನ ಗಾರೆ ಮೆತ್ತಿ. ಚಿಕ್ಕ ತೂತಿಗೆ ಎಂ-ಸೀಲ್ ಸಾಕು. ಒದ್ದೆ ಜಾಗದಲ್ಲಿ ಮಾಮೂಲಿ ಕಬ್ಬಿಣದ ನಾರು ತುಕ್ಕು ಹಿಡಿದು ಪುಡಿಯಾಗುತ್ತದೆ, ಸ್ಟೇನ್‌ಲೆಸ್ ಸ್ಟೀಲಿನದೇ ಬೇಕು. ಮೋರಿಗೂ ಕಿಂಡಿಗೂ 6 ಮಿಲಿಮೀಟರಿಗಿಂತ ಕಿರಿದಾದ ಕಣ್ಣಿನ ತಂತಿ ಜಾಲರಿ ಬಿಗಿಯಿರಿ; ಬಾಗಿಲ ಅಡಿಗೆ ಅಲ್ಯೂಮಿನಿಯಂ ಪಟ್ಟಿ.

ಎಲ್ಲವನ್ನೂ ಒಮ್ಮೆಲೇ ಮುಚ್ಚಿದರೆ ಒಳಗಿರುವವು ಗೋಡೆಯೊಳಗೇ ಸಿಕ್ಕಿ ಸಾಯುತ್ತವೆ, ವಾಸನೆ ವಾರಗಟ್ಟಲೆ ಹೋಗುವುದಿಲ್ಲ. ಹೆಚ್ಚು ಓಡಾಟವಿರುವ ಒಂದು ದಾರಿ ಬಿಟ್ಟು ಉಳಿದವನ್ನು ಮುಚ್ಚಿ, ಆಮೇಲೆ ಬೋನಿಡಿ. ಅಟ್ಟದಲ್ಲೋ ಹಳೆ ಬಟ್ಟೆಯ ಗಂಟಿನಲ್ಲೋ ಕೂದಲಿಲ್ಲದ ಮರಿಗಳು ಕಂಡರೆ ಮೂರು ವಾರ ತಡೆಯಿರಿ. ಅಷ್ಟರಲ್ಲಿ ಅವು ಹಾಲು ಬಿಟ್ಟು ತಾವೇ ಓಡಾಡತೊಡಗುತ್ತವೆ. ಅದಕ್ಕೂ ಮೊದಲು ತಾಯಿಯನ್ನು ಒಯ್ದುಬಿಟ್ಟರೆ ಮರಿಗಳು ಹಸಿದು ಸಾಯುತ್ತವೆ.

ಅಂಗಡಿಯಲ್ಲಿ ಸಿಗುವ ತಂತಿ ಬೋನು ಹೆಚ್ಚಾಗಿ ದೊಡ್ಡ ಇಲಿಗೆಂದು ಮಾಡಿದ್ದು. ಚಿಟ್ಟಿಲಿ ಅದರ ಕಣ್ಣಿನಲ್ಲೇ ನುಸುಳಿ ಹೋಗುತ್ತದೆ, ಇಲ್ಲವೇ 15–20 ಗ್ರಾಂ ತೂಕಕ್ಕೆ ಕೊಕ್ಕೆ ಬೀಳುವುದೇ ಇಲ್ಲ. ಸುತ್ತಲೂ ಮುಚ್ಚಿದ, ಕೊಳವೆಯಂಥ ಚಿಕ್ಕ ಬೋನು ತನ್ನಿ. ಬೆರಳ ತುದಿ ತಾಗಿಸಿದರೆ ಬಾಗಿಲು ಬೀಳಬೇಕು. ಹುರಿದ ಕಡಲೆಕಾಯಿಯ ಅರ್ಧ ಬೇಳೆ ಅಥವಾ ಬಟಾಣಿಯಷ್ಟು ಕೊಬ್ಬರಿಯನ್ನು ದಾರದಿಂದ ಕಟ್ಟಿ. ಹೆಚ್ಚು ಇಟ್ಟರೆ ಚೂರು ಕಚ್ಚಿಕೊಂಡು ಪರಾರಿ. ಬೋನನ್ನು ಗೋಡೆಗುಂಟ, ಅದರ ಬಾಯಿ ಮುಚ್ಚದಂತೆ ಗೋಡೆಯ ಪಕ್ಕಕ್ಕೇ ಇಡಬೇಕು, ಏಕೆಂದರೆ ಇಲಿ ಮೀಸೆಯಿಂದ ಗೋಡೆ ಸವರಿಕೊಂಡೇ ನಡೆಯುತ್ತದೆ. ಗೂಡಿನಿಂದ ಅದು ದೂರ ಹೋಗದು, ಹಾಗಾಗಿ ಎರಡೆರಡು ಮೀಟರಿಗೊಂದರಂತೆ ಮೂರು ಬೋನು ಇಟ್ಟರೆ ಬೇಗ ಸಿಗುತ್ತದೆ. ಒಳಗೊಂದಿಷ್ಟು ಹಾಳೆ ಚೂರು, ಒಂದು ಹೋಳು ಸೌತೆಕಾಯಿ ಇರಲಿ. ಇಷ್ಟು ಪುಟ್ಟ ಜೀವಕ್ಕೆ ಚಳಿಯೂ ಬಾಯಾರಿಕೆಯೂ ಕೆಲವೇ ಗಂಟೆಯಲ್ಲಿ ಕುತ್ತು ತರುತ್ತವೆ. ಮಲಗುವಾಗ ಒಮ್ಮೆ, ಎದ್ದ ತಕ್ಷಣ ಒಮ್ಮೆ ನೋಡಲೇಬೇಕು. ಊರಿಗೆ ಹೊರಟಿದ್ದರೆ ಬೋನು ಇಡಲೇಬೇಡಿ.

ಸಿಕ್ಕಿದ್ದನ್ನು ಬಟ್ಟೆ ಮುಚ್ಚಿ ಒಯ್ದು, ಮುಸ್ಸಂಜೆ ಹೊತ್ತಿಗೆ ಮನೆಯಿಂದ ನೂರು ಮೀಟರ್ ಒಳಗಿನ ಪೊದೆ ಅಥವಾ ಕಲ್ಲುಗೋಡೆಯ ಬುಡದಲ್ಲಿ ಬಿಡಿ. ಗೊತ್ತಿಲ್ಲದ ದೂರದ ಬಯಲಿನಲ್ಲಿ ಬಿಟ್ಟ ಇಲಿಗೆ ಅನ್ನವೂ ಅಡಗುತಾಣವೂ ತಿಳಿಯದು, ಬದುಕುವುದು ಕಷ್ಟ. ಹೊಟ್ಟೆಯಲ್ಲಿ ಮೊಲೆತೊಟ್ಟು ಎದ್ದು ಕಾಣುತ್ತಿದ್ದರೆ ಹಾಲೂಡುವ ತಾಯಿ. ತೆರೆದಿಟ್ಟ ಆ ದಾರಿಯ ಹತ್ತಿರವೇ ಕೂಡಲೇ ಬಿಟ್ಟುಬಿಡಿ, ಮೂರು ವಾರ ಕಳೆದು ಮತ್ತೆ ಬೋನಿಡಿ. ಒಳಗೆ ಬೇರೆ ಇಲಿ ಇಲ್ಲವೆಂದು ಖಾತ್ರಿಯಾದ ಮೇಲೆ ಕೊನೆಯ ದಾರಿ ಮುಚ್ಚಿ.

ಅಂಟು ಹಲಗೆ ಖಂಡಿತ ಬೇಡ. ಅದಕ್ಕೆ ಸಿಕ್ಕಿದ ಇಲಿ ಚರ್ಮ ಕಿತ್ತುಕೊಂಡು, ಹಸಿದು, ಗಂಟೆಗಟ್ಟಲೆ ನರಳಿ ಸಾಯುತ್ತದೆ. ಭಾರತೀಯ ಪ್ರಾಣಿ ಕಲ್ಯಾಣ ಮಂಡಳಿಯೂ ಇದರ ವಿರುದ್ಧ ರಾಜ್ಯಗಳಿಗೆ ಸೂಚಿಸಿದೆ. ಯಾರೋ ಇಟ್ಟ ಹಲಗೆಯಲ್ಲಿ ಇಲಿ ಸಿಕ್ಕಿದ್ದರೆ ಎಳೆಯಬೇಡಿ: ದಪ್ಪ ಕೈಗವಸು ಹಾಕಿ, ಅಡುಗೆ ಎಣ್ಣೆಯನ್ನು ಹತ್ತಿಯಿಂದ ಕಾಲು, ಹೊಟ್ಟೆಯ ಅಂಚಿಗೆ ತೊಟ್ಟಿಕ್ಕಿಸಿ ನಿಧಾನವಾಗಿ ಬಿಡಿಸಿ. ಇಲಿ ಪಾಷಾಣದ ಬಿಲ್ಲೆ ಒಳಗೊಳಗೇ ರಕ್ತ ಸೋರಿಸಿ ದಿನಗಟ್ಟಲೆ ನೋಯಿಸುತ್ತದೆ; ಆ ಇಲಿಯನ್ನು ತಿಂದ ಬೆಕ್ಕು, ಗೂಬೆಗೂ ವಿಷವೇರುತ್ತದೆ. ಹಳದಿ ರಂಜಕವಿರುವ ಪೇಸ್ಟಂತೂ ಮಕ್ಕಳ ಕೈಗೆ ಸಿಕ್ಕರೆ ಯಕೃತ್ತನ್ನೇ ಕೆಡಿಸಿ ಜೀವ ತೆಗೆಯುತ್ತದೆ, ಅದಕ್ಕೆ ಪ್ರತಿವಿಷವಿಲ್ಲ.

ಹಿಕ್ಕೆಯನ್ನು ಒಣಗಿದ್ದಂತೆಯೇ ಗುಡಿಸಬೇಡಿ, ದೂಳು ಉಸಿರಿಗೆ ಹೋಗುತ್ತದೆ. ಇಲಿ ಜ್ವರದ ರೋಗಾಣು ಮೂತ್ರದಲ್ಲಿರುತ್ತದೆ, ಹಾಗಾಗಿ ಕೈಯಲ್ಲಿ ಗಾಯವಿದ್ದವರು ಇನ್ನೂ ಎಚ್ಚರ ವಹಿಸಬೇಕು. ಕಿಟಕಿ ತೆರೆದು, ಮಾಸ್ಕ್, ಕೈಗವಸು ಹಾಕಿ, ಒಂದು ಲೀಟರ್ ನೀರಿಗೆ ಒಂದು ದೊಡ್ಡ ಚಮಚ ಬ್ಲೀಚಿಂಗ್ ಪೌಡರ್ ಕದಡಿದ ದ್ರಾವಣವನ್ನು ಸುರಿದು ಐದು ನಿಮಿಷ ನೆನೆಯಲು ಬಿಟ್ಟು ಒರೆಸಿ. ಟಾಯ್ಲೆಟ್ ಆಸಿಡ್ ಜೊತೆ ಇದನ್ನು ಎಂದೂ ಬೆರೆಸಬೇಡಿ, ವಿಷಾನಿಲ ಏಳುತ್ತದೆ. ಆಮೇಲೆ ಮೂರು ರಾತ್ರಿ ಮತ್ತೆ ರಂಗೋಲಿ ಪುಡಿ ಉದುರಿಸಿ ನೋಡಿ. ಹೆಜ್ಜೆ ಮೂಡಿದರೆ ಎಲ್ಲೋ ಒಂದು ಸಂದು ಕಣ್ತಪ್ಪಿದೆ.